ಸವಲತ್ತಿನ ನಿಯಮದಲ್ಲಿ ಗೆಳತಿ ಇಲ್ಲ

ಇನ್ನೊಬ್ಬರ ಸುಖಕ್ಕೆ ಬೆಲೆ ಕಟ್ಟುವುದು ನನ್ನ ಉದ್ಯೋಗ. ನವಿ ಮುಂಬಯಿಯ ಐರೋಲಿಯಲ್ಲಿ ಒಂದು ಕಂಪನಿಯ ಸಂಬಳ ವಿಭಾಗದಲ್ಲಿ ಬಹಳ ವರ್ಷಗಳಿಂದ ಕೂತಿದ್ದೇನೆ. ಕಂಪನಿ ತನ್ನ ನೌಕರರಿಗೆ ಸಂಬಳದ ಆಚೆ ಏನೇನು ಕೊಡುತ್ತದೆಯೋ, ಮನೆ, ಕಾರು, ಅಡುಗೆ ಗ್ಯಾಸು, ಬಡ್ಡಿಯಿಲ್ಲದ ಸಾಲ, ಅವೆಲ್ಲವನ್ನೂ ಆದಾಯ ತೆರಿಗೆಯ ನಿಯಮ ಹೇಳಿದಂತೆ ರೂಪಾಯಿಗೆ ಇಳಿಸಿ ಅವರ ಸಂಬಳಕ್ಕೆ ಸೇರಿಸುತ್ತೇನೆ. ಸೇರಿಸಿದ ಮೇಲೆ ತೆರಿಗೆ ಮುರಿದುಕೊಳ್ಳುತ್ತೇನೆ. ಕಚೇರಿಯಲ್ಲಿ ಇವಕ್ಕೆ ಪರ್ಕ್ಸ್ ಎನ್ನುತ್ತಾರೆ. ಮನೆಯಲ್ಲಿ ಕೇಳಿದವರಿಗೆ ನಾನು ಸವಲತ್ತು ಎಂದು ಹೇಳುತ್ತೇನೆ. ಎರಡೂ ಕಡೆ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯವೇನಿಲ್ಲ.

ಈ ನಿಯಮಗಳಿಗೆ ಅವುಗಳದ್ದೇ ಆದ ಲೋಕಜ್ಞಾನ ಇದೆ. ಒಬ್ಬ ಮ್ಯಾನೇಜರಿಗೆ ಕಂಪನಿ ಠಾಣೆಯ ವರ್ತಕ ನಗರದಲ್ಲಿ ಫ್ಲ್ಯಾಟು ಕೊಟ್ಟಿತು, ಒಳಗೆ ಒಂದು ಫ್ರಿಜ್ಜು ಇಟ್ಟಿತು, ಕೈಗೆ ಒಂದು ಲ್ಯಾಪ್‌ಟಾಪು ಕೊಟ್ಟಿತು. ಫ್ಲ್ಯಾಟು ಸುಖ, ಅದಕ್ಕೆ ತೆರಿಗೆ. ಫ್ರಿಜ್ಜೂ ಸುಖ. ಲ್ಯಾಪ್‌ಟಾಪು ಮಾತ್ರ ಸುಖವಲ್ಲ, ಅದಕ್ಕೆ ತೆರಿಗೆ ಇಲ್ಲ. ಅವರು ಮನೆಯಲ್ಲಿ ಆ ಲ್ಯಾಪ್‌ಟಾಪಿನ ಮುಂದೆ ಎಷ್ಟು ಹೊತ್ತು ಕೂರುತ್ತಾರೆಂದು ಕಂಡವರೇ ಈ ನಿಯಮ ಬರೆದಿರಬೇಕು. ಕೆಲಸದ ಹೊತ್ತಿನಲ್ಲಿ ಕಂಪನಿ ಕೊಡುವ ಚಹಾ ಕೂಡ ಸವಲತ್ತಲ್ಲ. ನಮ್ಮ ಕ್ಯಾಂಟೀನಿನ ಚಹಾ ಕುಡಿದವರು ಯಾರೂ ಇದನ್ನು ಪ್ರಶ್ನಿಸಿಲ್ಲ.

ಹಾಗೆಯೇ ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಕಂಪನಿಯ ವಾಹನದಲ್ಲಿ ಬಂದುಹೋದರೆ ಅದು ಸವಲತ್ತೇ ಅಲ್ಲ ಎಂದು ಕಾಯಿದೆ ಸ್ಪಷ್ಟವಾಗಿ ಹೇಳುತ್ತದೆ. ಈ ಮಾತನ್ನು ಬರೆದವರು ಬೆಳಗಿನ ಹೊತ್ತು ಡೊಂಬಿವಲಿಯಲ್ಲಿ ಲೋಕಲ್ ಹತ್ತಿದವರಾಗಿರಲಿಕ್ಕಿಲ್ಲ.

ನಾನು ಹತ್ತುತ್ತಿದ್ದೆ. ನನ್ನ ದರ್ಜೆಯವರಿಗೆ ಕಂಪನಿಯ ಕ್ಯಾಬ್ ಇತ್ತು. ಆದರೆ ಅದು ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಮಹಾಪೆ ಸುತ್ತಿ ಬರುತ್ತದೆ ಎಂದು ನಾನು ಅದನ್ನು ಬೇಡವೆಂದಿದ್ದೆ. ನಿಜವಾದ ಕಾರಣ ರೈಲಿನ ಗುಂಪು. ದಿನವೂ ಒಂದೇ ಗಾಡಿಯ ಒಂದೇ ಹೆಂಗಸರ ಡಬ್ಬಿಗೆ ಹತ್ತುವ ಹತ್ತು-ಹದಿನೈದು ಜನ ನಾವು. ಬಟಾಣಿ ಸುಲಿಯುವುದು, ಅತ್ತೆಯಂದಿರನ್ನು ಬೈಯುವುದು, ನಿಂತೇ ನಿದ್ದೆ ಹೋಗುವುದು ಎಲ್ಲ ಅಲ್ಲೇ. ಆ ಗುಂಪಿನಲ್ಲಿ ಕನ್ನಡದವರು ಇಬ್ಬರೇ: ದಕ್ಷಿಣ ಕನ್ನಡದ ನಾನು, ವಿಜಯಪುರ ಕಡೆಯ ನನ್ನ ಗೆಳತಿ. ಅವಳು ನಮ್ಮ ಕಚೇರಿಯ ಟಪಾಲು ವಿಭಾಗದಲ್ಲಿಯೇ ಕೆಲಸಕ್ಕಿದ್ದಳು. ಆದರೆ ಕಂಪನಿಯ ನೌಕರಳಲ್ಲ, ಕಾಂಟ್ರ್ಯಾಕ್ಟರನ ಕಡೆಯವಳು. ನನಗಿಂತ ಚಿಕ್ಕವಳು, ಎತ್ತರದವಳು, ಬಾಯಿಯೂ ಅಷ್ಟೇ ಉದ್ದ. ಡೊಂಬಿವಲಿಯಿಂದ ಠಾಣೆಗೆ ಒಂದು ಗಾಡಿ, ಅಲ್ಲಿಂದ ಐರೋಲಿಗೆ ಇನ್ನೊಂದು. ಎರಡರಲ್ಲೂ ನಾವು ಒಟ್ಟಿಗೆ.

ನವರಾತ್ರಿಯಲ್ಲಿ ಇಲ್ಲಿ ದಿನಕ್ಕೊಂದು ಬಣ್ಣ. ಇವತ್ತು ಹಳದಿ ಎಂದರೆ ಬ್ಯಾಂಕಿನಿಂದ ಹಿಡಿದು ತರಕಾರಿ ಗಾಡಿಯವರೆಗೆ ಎಲ್ಲ ಹೆಂಗಸರೂ ಹಳದಿ. ದಸರೆಯ ಹಿಂದಿನ ದಿನ ರೈಲಿಗೇ ಪೂಜೆ. ಡಬ್ಬಿಯ ಕಿಟಕಿಗೆ ದೇವಿಯ ಪಟ ಕಟ್ಟಿ, ಬಾಗಿಲಿಗೆ ಚೆಂಡುಹೂವಿನ ತೋರಣ ಹಾಕಿ, ಆರತಿ ಹಾಡಿ, ಪೇಡಾ ಹಂಚುವುದು. ಆ ವರ್ಷ ಆ ದಿನದ ಬಣ್ಣ ನವಿಲು ಹಸಿರು. ಇಡೀ ಡಬ್ಬಿ ಒಂದೇ ಸೀರೆ ಉಟ್ಟಂತಿತ್ತು.

ತೋರಣ ಕಟ್ಟುವ ಕೆಲಸ ಎತ್ತರದವಳಾದ್ದರಿಂದ ಅವಳಿಗೆ ಬಂತು. ಬಾಗಿಲ ನಡುವಿನ ಕಂಬವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಮೇಲಿನ ಸರಳಿಗೆ ದಾರ ಸುತ್ತುತ್ತಿದ್ದಳು. ದಿವಾ ಸ್ಟೇಷನ್ ದಾಟಿತು. ಹಿಂದಿನಿಂದ ಪೇಡಾದ ಡಬ್ಬಿ ತಲೆಗಳ ಮೇಲಿಂದ ಬರುತ್ತಿತ್ತು, ಅದರ ಜೊತೆ ಒಂದು ನೂಕುವಿಕೆಯೂ ಬಂತು. ಮುಂಬ್ರಾದ ಹತ್ತಿರ ಹಳಿಯಲ್ಲಿ ತಿರುವಿದೆ, ಗಾಡಿ ವಾಲುತ್ತದೆ. ಅವಳ ಕಾಲ ಕೆಳಗೆ ಉದುರಿದ ಹೂವಿತ್ತು. ಕಾಲು ಜಾರಿ, ಮೈಯೆಲ್ಲ ಹೊರಗೆ ಹೋಗಿ, ಒಂದು ಕೈ ಮಾತ್ರ ಕಂಬದ ಮೇಲೆ ಉಳಿಯಿತು.

ನಾನು ಅವಳ ಸೆರಗು ಹಿಡಿದೆ. ಎರಡೂ ಕೈಯಲ್ಲಿ, ಕಣ್ಣು ಮುಚ್ಚಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಎಳೆದೆ. "ಅಗ ಸೋಡ್ ನಾ! ಪಿನ್ ತುಟ್ಲಿ!" ಎಂದು ಯಾರೋ ನನ್ನ ಕೈಗೆ ಹೊಡೆದರು. ಕಣ್ಣು ಬಿಟ್ಟರೆ, ಪಿನ್ನು ಮುರಿಯಿತು ಬಿಡು ಎಂದು ಕಿರುಚುತ್ತಿದ್ದವಳು ಬೇರೆ ಯಾರೋ ಹೆಂಗಸು. ಬಾಗಿಲಿನಿಂದ ಸಾಕಷ್ಟು ಒಳಗೆ, ಸುರಕ್ಷಿತವಾಗಿ ನಿಂತಿದ್ದ ಒಬ್ಬಳನ್ನು ನಾನು ಕಾಪಾಡುತ್ತಿದ್ದೆ. ನನ್ನ ಗೆಳತಿಯನ್ನು ಒಳಗೆ ಎಳೆದುಕೊಂಡವಳು ನಮ್ಮ ಗುಂಪಿಗೆ ಸೇರದ, ಬಿಳಿ ಯೂನಿಫಾರ್ಮಿನ ಒಬ್ಬ ನರ್ಸ್. ಅವಳು ಸೆರಗಿನ ಗೊಡವೆಗೇ ಹೋಗಿರಲಿಲ್ಲ. ಸೊಂಟಕ್ಕೆ ಕೈ ಹಾಕಿ ಲಂಗದ ಲಾಡಿಯನ್ನೇ ಹಿಡಿದಿದ್ದಳು.

ಆಮೇಲೆ ಆರತಿ ಆಯಿತು. ದೇವಿಯೇ ಉಳಿಸಿದಳು ಎಂದರು. ನರ್ಸ್ ಮುಂದಿನ ಕಳವಾ ಸ್ಟೇಷನ್ನಿನಲ್ಲಿ ಪೇಡಾ ತಿನ್ನುತ್ತ ಇಳಿದು ಹೋದಳು. ನನ್ನ ಗೆಳತಿ ನೆಲಕ್ಕೆ ಕೂತು, ಜಡೆ ಸರಿಮಾಡಿಕೊಂಡು ನನ್ನ ಕಡೆ ನೋಡಿದಳು.

"ಏನ್ ಅಕ್ಕಾರ, ಬ್ಯಾರೇದಾಕಿ ಸೆರಗ ಹಿಡದು ಜಗ್ಗಾಕ ಹತ್ತಿದ್ರಲ್ಲ. ನೀ ಹೋಗಿ ಬಾ ಅಂತ ನನ್ನ ಕಳಿಸಿಕೊಟ್ಟಂಗ ಆತು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಠಾಣೆ ಬಂದಾಗ ನಾನು ಕಂಬ ಬಿಡದೆ ನಿಂತೇ ಇದ್ದೆ. ಅವಳೇ ನನ್ನ ಕೈ ಹಿಡಿದು ಇಳಿಸಿದಳು.

ಅದಾದ ಮೇಲೆ ಆ ತಿರುವು ನನ್ನೊಳಗೆ ನಿಲ್ಲದೆ ನಡೆಯತೊಡಗಿತು. ಅಕ್ಕಿ ತೊಳೆಯುವಾಗ, ಕಚೇರಿಯಲ್ಲಿ ಯಾರದೋ ಕಾರಿನ ಬೆಲೆ ಹಾಕುವಾಗ, ಹೂವು ಜಾರುತ್ತದೆ, ಕೈ ಉಳಿಯುತ್ತದೆ, ನಾನು ಸೆರಗು ಹಿಡಿಯುತ್ತೇನೆ. ಪ್ರತಿ ಸಲವೂ ಸರಿಯಾದ ಸೆರಗು ಹಿಡಿಯಲು ನೋಡುತ್ತೇನೆ. ಪ್ರತಿ ಸಲವೂ ಎಲ್ಲ ಹಸಿರು. ಗಂಡ ಹೇಳಿದರು, "ಕಂಪನಿ ಕ್ಯಾಬ್ ಕೊಡ್ತೇನೆ ಅಂತದೆ, ಟ್ಯಾಕ್ಸ್ ಕೂಡ ಇಲ್ಲ ಅಂತ ನೀನೇ ಹೇಳ್ತಿ. ಮತ್ತೆಂತ ಯೋಚನೆ?" ಯೋಚನೆ ಇರಲಿಲ್ಲ. ಮರುವಾರದಿಂದ ಕ್ಯಾಬ್ ನಮ್ಮ ಬಿಲ್ಡಿಂಗಿನ ಗೇಟಿಗೆ ಬಂತು. ಮೆತ್ತನೆಯ ಸೀಟು, ಎಸಿ, ಮುಚ್ಚಿದರೆ ಟಪ್ಪೆಂದು ಶಬ್ದ ಮಾಡುವ ಬಾಗಿಲು. ಬಾಗಿಲು ಮುಚ್ಚುತ್ತದೆ ಎಂಬುದೇ ನನಗೆ ದೊಡ್ಡ ಐಷಾರಾಮವಾಗಿ ಕಂಡಿತು. ಕಾಯಿದೆ ಅದಕ್ಕೆ ಸೊನ್ನೆ ಬೆಲೆ ಕಟ್ಟಿತ್ತು.

ಅವಳಿಗೆ ಕ್ಯಾಬ್ ಇರಲಿಲ್ಲ. ಬಾಯಲ್ಲಿ ನಗುತ್ತಿದ್ದರೂ ಅವಳಿಗೂ ಬಾಗಿಲೆಂದರೆ ಭಯ ಹತ್ತಿತ್ತು. ಒಳಗೆ ಹೋಗಲು ಜಾಗ ಸಿಗದ ಗಾಡಿಯನ್ನು ಬಿಟ್ಟುಬಿಡುತ್ತಿದ್ದಳು. ಮುಂದಿನದನ್ನೂ ಬಿಡುತ್ತಿದ್ದಳು. ಬೆಳಗಿನ ಹೊತ್ತು ಡೊಂಬಿವಲಿಯಲ್ಲಿ ಒಳಗೆ ಜಾಗ ಇರುವ ಗಾಡಿಗೆ ಕಾದರೆ ಮಧ್ಯಾಹ್ನವೇ ಆಗುತ್ತದೆ. ತಡವಾಗಿ ಬಂದ ದಿನಗಳಲ್ಲಿ ಕಾಂಟ್ರ್ಯಾಕ್ಟರ್ ಅರ್ಧ ದಿನದ ಸಂಬಳ ಮುರಿದ. ಕೊನೆಗೆ ಹೀಗೇ ಆದರೆ ಆ ಕುರ್ಚಿಗೆ ಬೇರೆಯವರನ್ನು ತರುತ್ತೇನೆ ಎಂದ. ಅಂದರೆ ಅವಳು ಬಾಗಿಲಲ್ಲಿ ನೇತಾಡಬೇಕು, ಇಲ್ಲವೇ ಕೆಲಸ ಬಿಡಬೇಕು. ಗಂಡ ಕಟ್ಟಡದ ಕೆಲಸಕ್ಕೆ ಹೋಗುವವನು. ಮಳೆಗಾಲ ಪೂರ್ತಿ ಮನೆ ನಡೆಯುವುದು ಇವಳ ಸಂಬಳದಲ್ಲೇ.

ಇತ್ತ ನಮ್ಮ ಕ್ಯಾಬಿನಲ್ಲಿ ದಿನವೂ ಸೀಟು ಖಾಲಿ ಬರುತ್ತಿತ್ತು. ನಾನು ಲೆಕ್ಕಪತ್ರ ವಿಭಾಗದ ಮುಖ್ಯಸ್ಥರ ಬಳಿ ಹೋದೆ. ಅವರು ನಮ್ಮೂರ ಕಡೆಯವರೇ, ಉಡುಪಿಯವರು. ಒಳ್ಳೆಯ ಮನುಷ್ಯ. ದೇವರಿಗೆ ಹೆದರುತ್ತಾರೆ, ಆಡಿಟರಿಗೆ ಇನ್ನೂ ಸ್ವಲ್ಪ ಹೆಚ್ಚು.

"ಸರ್, ಕ್ಯಾಬಿನಲ್ಲಿ ಸೀಟು ಖಾಲಿ ಬರ್ತದೆ."

"ಬರ್ಲಿ ಮಾರಾಯ್ರೆ. ಖಾಲಿ ಸೀಟಿಗೆ ಟ್ಯಾಕ್ಸ್ ಇಲ್ಲ."

"ಟಪಾಲಿನವಳನ್ನು ಕರ್ಕೊಂಡು ಬರ್ಲಾ? ನನ್ನ ಮನೆ ಹತ್ತಿರವೇ ಇರುವುದು."

ಅವರು ಕನ್ನಡಕ ತೆಗೆದರು. "ಅವಳು ನಮ್ಮ ಎಂಪ್ಲಾಯಿ ಅಲ್ಲ. ನಾಳೆ ಆ ರೋಡಿನಲ್ಲಿ ಎಂತಾದ್ರೂ ಆದ್ರೆ, ಇವಳು ಯಾರು ಅಂತ ಇನ್ಶೂರೆನ್ಸಿನವರು ಕೇಳ್ತಾರೆ."

"ರೈಲಿನಲ್ಲಿ ಎಂತಾದ್ರೂ ಆದ್ರೆ?"

"ಅದನ್ನು ರೈಲಿನವರು ಕೇಳ್ತಾರೆ. ನಮಗೆ ಎಂತಕ್ಕೆ?"

"ದುಡ್ಡು ಕೊಟ್ಟು ಬರ್ತಾಳೆ ಅಂದ್ರೆ?"

"ಸೀಟಿಗೆ ದುಡ್ಡು ತಗೊಂಡ್ರೆ ಅದು ಶೇರ್ ರಿಕ್ಷಾ ಆಯ್ತು. ನಾವು ಶೇರ್ ರಿಕ್ಷಾ ಓಡಿಸುವ ಕಂಪನಿ ಅಲ್ಲ."

ಬಿಟ್ಟಿಯಾಗಿ ಕೊಟ್ಟರೆ ಅವಳು ಯಾರು ಎಂಬ ಪ್ರಶ್ನೆ, ದುಡ್ಡು ತೆಗೆದುಕೊಂಡರೆ ನಾವು ಯಾರು ಎಂಬ ಪ್ರಶ್ನೆ. ಆಗ ನನಗೆ ನನ್ನದೇ ಕೆಲಸ ನೆನಪಾಯಿತು. ಠಾಣೆಯ ಒಬ್ಬ ಮ್ಯಾನೇಜರ್ ಕಂಪನಿಯ ಕಾರಿನಲ್ಲಿ ತಾಯಿಯನ್ನು ಮಂಡಿನೋವಿನ ವ್ಯಾಯಾಮಕ್ಕೆ ಕರೆದುಕೊಂಡು ಹೋಗುತ್ತಾರೆ. ಅದು ಕಚೇರಿಯ ಕೆಲಸವಲ್ಲ, ಸ್ವಂತದ್ದು. ಹಾಗಾಗಿ ನಾನು ಅದಕ್ಕೆ ಬೆಲೆ ಹಾಕಿ ಅವರ ಸಂಬಳಕ್ಕೆ ಸೇರಿಸುತ್ತೇನೆ, ಅವರು ಗೊಣಗುತ್ತ ತೆರಿಗೆ ಕಟ್ಟುತ್ತಾರೆ, ತಾಯಿಯ ಮಂಡಿ ಹಾಗೇ ಇದೆ. ನೌಕರನ ಮನೆಯವರಿಗೆ ಕೊಟ್ಟದ್ದೂ ನೌಕರನಿಗೇ ಕೊಟ್ಟಂತೆ. ತೆರಿಗೆ ಕಟ್ಟಿದರೆ ಯಾರದೂ ತಕರಾರಿಲ್ಲ.

"ಸರ್, ಅವಳನ್ನು ನನ್ನ ಮನೆಯವಳು ಅಂತ ಹಾಕಿ. ಬೆಲೆ ಹಾಕಿ ನನ್ನ ಸಂಬಳಕ್ಕೆ ಸೇರಿಸಿ. ಟ್ಯಾಕ್ಸ್ ನಾನು ಕಟ್ತೇನೆ."

ಅವರ ಮುಖ ಅರಳಿತು. ತಾನಾಗಿ ಬಂದು ನನಗೆ ತೆರಿಗೆ ಹಾಕಿ ಎಂದವರನ್ನು ಅವರು ಸರ್ವೀಸಿನಲ್ಲಿ ಕಂಡಿರಲಿಲ್ಲ. "ಅದು ಆಗ್ತದೆ! ಅದು ಕ್ಲೀನ್. ಆದ್ರೆ ಮನೆಯವಳು ಅಂದ್ರೆ ಎಂತ ಅಂತ ಹಾಕುವುದು?" ಎಂದು ಕಂಪ್ಯೂಟರಿನಲ್ಲಿ ನಿಯಮ ತೆರೆದು, ಮನೆಯವರು ಎಂದರೆ ಯಾರು ಎಂಬ ಸಾಲನ್ನು ಬೆರಳಿಟ್ಟು ಓದಿದರು. ಗಂಡ ಅಥವಾ ಹೆಂಡತಿ. ಮಕ್ಕಳು. ಮಕ್ಕಳ ಗಂಡ ಅಥವಾ ಹೆಂಡತಿ. ತಂದೆ ತಾಯಿ. ಮನೆಯ ಆಳುಗಳು. ಅವಲಂಬಿತರು.

"ಗೆಳತಿ ಇಲ್ವಾ ಸರ್?"

ಅವರು ಮೇಲೆ ಕೆಳಗೆ ಸರಿಸಿ ಇನ್ನೊಮ್ಮೆ ನೋಡಿದರು. ನಿಜವಾಗಿಯೂ ಹುಡುಕಿದರು. "ಫ್ರೆಂಡ್ಸ್ ವಿಷಯ ಸರ್ಕಾರಕ್ಕೆ ಹೊಳೀಲಿಲ್ಲ ಕಾಣ್ತದೆ. ಒಂದು ಕೆಲಸ ಮಾಡಿ. ಮನೆಕೆಲಸದವಳು ಅಂತ ಬರೆದು ಅವಳ ಒಂದು ಸೈನ್ ತಗೊಳ್ಳಿ. ಬರೀ ಕಾಗದಕ್ಕೆ ಅಷ್ಟೇ ಅಲ್ವಾ?"

ಬರೀ ಕಾಗದಕ್ಕೆ ಎಂಬ ಮಾತನ್ನು ನಾನು ಕೆಲಸಕ್ಕೆ ಸೇರಿದಾಗಿನಿಂದ ಜನರಿಗೆ ಹೇಳುತ್ತ ಬಂದವಳು. ಹಾಗಾಗಿ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಸಂತೋಷದಿಂದಲೇ ಊಟದ ಹೊತ್ತಿಗೆ ಟಪಾಲು ಕೋಣೆಗೆ ಹೋದೆ. ಅವಳು ರೊಟ್ಟಿ ಮುರಿಯುತ್ತಿದ್ದಳು. ಕ್ಯಾಬಿನಲ್ಲಿ ಬರಬಹುದು, ಆದರೆ ನನಗೆ ಏನಾದರೂ ಆಗಬೇಕು ಎಂದು ಹೇಳಿ, ಇರುವ ಸಂಬಂಧಗಳನ್ನೆಲ್ಲ ಅವಳ ಮುಂದೆ ಇಟ್ಟೆ.

"ಅವ್ವ ಅಂತ ಬರೀಬ್ಯಾಡ್ರಿ, ನಿಮಗಿಂತ ಸಣ್ಣಾಕಿ ನಾ. ನಿಮ್ಮನ್ನ ಯಾವಾಗ ಹಡದೆ ಅಂತ ಕೇಳ್ತಾರ," ಎಂದಳು. "ಸೊಸಿ ಅಂತ ಬರೀರಿ. ನಿಮ್ಮ ಮಗ ಎಂಟನೇ ಕ್ಲಾಸಿನ್ಯಾಗ ಅದಾನಲ್ಲ, ನಾ ಕಾಯ್ತೀನಿ. ಈಗಿರೋ ಗಂಡಗ ನೀವಽ ಹೇಳಬೇಕ ಮತ್ತ."

ನಾನು ನಗುತ್ತ ನಗುತ್ತಲೇ ಸರ್ ಹೇಳಿದ ಉಪಾಯ ಹೇಳಿದೆ. ಅವಳ ನಗು ಅಲ್ಲಿಗೆ ನಿಂತಿತು. ರೊಟ್ಟಿಯ ಚೂರನ್ನು ಡಬ್ಬಿಯಲ್ಲಿಟ್ಟು ಕೈ ಒರಸಿಕೊಂಡಳು.

"ಅಕ್ಕಾರ, ನಮ್ಮವ್ವ ಮಂದಿ ಮನ್ಯಾಗ ಭಾಂಡಿ ತಿಕ್ಕಿ ನನ್ನ ಓದಿಸ್ಯಾಳ. ಭಾಂಡಿ ತಿಕ್ಕೂದು ಸಣ್ಣ ಕೆಲಸ ಅಂತ ನಾ ಅನ್ನಂಗಿಲ್ಲ. ಆದ್ರ ನಿಮ್ಮ ಮನಿ ಭಾಂಡಿ ನಾ ತಿಕ್ಕಿಲ್ಲ. ತಿಕ್ಕಲಾರದ ಭಾಂಡಿಗೆ ಸಹಿ ಹಾಕಂಗಿಲ್ಲ."

"ಹಾಗಾದ್ರೆ ಅವಲಂಬಿತೆ ಅಂತ ಹಾಕುವ."

"ಹಂಗಂದ್ರ?"

"ನನ್ನ ಆಸರೆಯಲ್ಲಿ ಇರುವವಳು ಅಂತ."

ಅವಳು ಗೊಳ್ಳೆಂದು ನಕ್ಕಳು. "ನಿಮ್ಮ ಆಸರಿ ರೈಲಿನಾಗ ನೋಡೀನಲ್ರೀ!"

ಅಲ್ಲಿಗೆ ಆ ಮಾತು ಮುಗಿಯಿತು. ಸರ್ ಎರಡು ಸಲ ಕೇಳಿದರು, ಸೈನ್ ಆಯ್ತಾ ಎಂದು. ಇಲ್ಲ ಎಂದೆ. "ಎಂತ ಜನ ಮಾರಾಯ್ರೆ. ಬಿಟ್ಟಿ ಕೊಟ್ರೂ ಬೇಡ ಅಂತಾರೆ," ಎಂದರು.

ನಾನು ಕ್ಯಾಬಿನಲ್ಲೇ ಹೋಗುತ್ತಿದ್ದೆ. ಆದರೆ ಮುಚ್ಚಿದ ಬಾಗಿಲಿನ ಒಳಗೆ ಆ ತಿರುವು ಇನ್ನೂ ಜೋರಾಗಿ ನಡೆಯತೊಡಗಿತು. ಮೊದಲು ಅದು ಆಗಿಹೋದದ್ದು. ಈಗ ಅದು ಈಗಲೇ ಆಗುತ್ತಿರಬಹುದು ಎನಿಸುತ್ತಿತ್ತು. ಶಿಳ್‌ಫಾಟಾದಲ್ಲಿ ಕ್ಯಾಬ್ ನಿಂತಾಗಲೆಲ್ಲ ಅವಳಿಗೆ ಫೋನ್ ಮಾಡುತ್ತಿದ್ದೆ. "ದಿವಾ ದಾಟಿತಾ? ಮುಂಬ್ರಾ ಬಂತಾ? ಒಳಗೆ ಇದ್ದೀಯಾ?" ಅವಳು ಎತ್ತದಿದ್ದರೆ ಎತ್ತುವವರೆಗೆ ಮಾಡುತ್ತಿದ್ದೆ. ಕೆಲಸ ಉಳಿಸಿಕೊಳ್ಳಲು ಅವಳು ಮತ್ತೆ ಸಿಕ್ಕ ಗಾಡಿಗೆ ಹತ್ತತೊಡಗಿದ್ದಳು. ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ, ಮಗಳು ಕಾಲೇಜಿಗೆ ಹೊಸದಾಗಿ ಹೋಗುತ್ತಿದ್ದಾಳೆಯೇ ಎಂದು ಹಿಂದಿಯಲ್ಲಿ ಕೇಳಿದ.

ಒಂದು ದಿನ ಅವಳು ಕಚೇರಿಗೆ ಬಂದವಳೇ ಕೈಚೀಲ ಕೂಡ ಇಳಿಸದೆ ನನ್ನ ಮೇಜಿನ ಮುಂದೆ ಬಂದು ನಿಂತಳು.

"ಅಕ್ಕಾರ, ಕೈ ಮುಗೀತೀನಿ, ಫೋನ್ ಮಾಡಬ್ಯಾಡ್ರಿ. ಬಾಗಲದಾಗ ನಿಂತಿರ್ತೀನಿ. ಕೊಳ್ಳಾಗ ಚೀಲ, ಒಂದ್ ಕೈಯಾಗ ಕಂಬ, ಇನ್ನೊಂದು ಕೈಯಾಗ ಸರಳು. ನಿಮ್ಮ ಫೋನ್ ಎತ್ತಾಕ ಒಂದ್ ಕೈ ಬಿಡಬೇಕು. ಇವತ್ತ ಬಿಟ್ಟೆ, ಬರೋಬ್ಬರಿ ಮುಂಬ್ರಾದಾಗ. ನಾ ಸತ್ರ ಆ ರೈಲಿಂದ ಸಾಯಂಗಿಲ್ಲ, ನಿಮ್ಮ ಕಾಳಜಿಯಿಂದ ಸಾಯ್ತೀನಿ."

ಅಕ್ಕಪಕ್ಕದವರು ತಲೆ ಎತ್ತಿದರು. ನಾನು ಅಳುತ್ತಿದ್ದೇನೆಂದು ಅವಳಿಗೆ ನನಗಿಂತ ಮೊದಲು ಗೊತ್ತಾಯಿತು.

"ಅಳಬ್ಯಾಡ್ರಿ ಈಗ, ಮಂದಿ ನೋಡ್ತಾರ," ಎಂದು ದನಿ ತಗ್ಗಿಸಿದಳು. "ನಾಳಿಂದ ರಿಟರ್ನ್ ಬರ್ತೀನಿ. ನೀವೂ ಬರೂದಿದ್ರ ಬರ್ರಿ. ಕಣ್ಮುಂದ ಇದ್ರ ಫೋನ್ ಆದ್ರೂ ತಪ್ಪತೈತಿ."

ರಿಟರ್ನ್ ಎಂದರೆ ಇಲ್ಲಿನ ಎಲ್ಲರಿಗೂ ಗೊತ್ತು. ಮುಂಬಯಿ ಕಡೆ ಹೋಗಬೇಕಾದವರು ಡೊಂಬಿವಲಿಯಲ್ಲಿ ಉಲ್ಟಾ ದಿಕ್ಕಿನ ಖಾಲಿ ಗಾಡಿ ಹತ್ತಿ ಕಲ್ಯಾಣಕ್ಕೆ ಹೋಗುವುದು, ಇಳಿಯದೆ ಕೂತೇ ಇರುವುದು, ಅದೇ ಗಾಡಿ ತಿರುಗಿ ಹೊರಟಾಗ ಕೂತುಕೊಂಡೇ ಬರುವುದು. ಪಾಸನ್ನು ಕಲ್ಯಾಣದಿಂದ ಮಾಡಿಸಿಕೊಂಡರೆ ಆಯಿತು. ಖರ್ಚಾಗುವುದು ಬೆಳಗಿನ ನಿದ್ದೆ. ತಾನು ಅಷ್ಟು ಬೇಗ ಹೊರಟರೆ ಮಗಳನ್ನು ಎಬ್ಬಿಸಿ ಶಾಲೆಗೆ ಯಾರು ಕಳಿಸುವುದು ಎಂದು ಅವಳು ಅಷ್ಟು ದಿನ ತಡೆದಿದ್ದಳು. ಈಗ ಪಕ್ಕದ ಖೋಲಿಯ ಅಜ್ಜಿ ಒಪ್ಪಿದ್ದಳು.

ಕ್ಯಾಬ್ ಬೇಡ ಎಂದು ನಾನು ಬರೆದುಕೊಟ್ಟಾಗ ಸರ್ ಗಾಬರಿಯಾದರು. ರೈಲಿನ ಘಟನೆ ಕೇಳಿದಾಗ ಕೂಡ ಅವರ ಮುಖ ಹಾಗಾಗಿರಲಿಲ್ಲ. "ಟ್ಯಾಕ್ಸ್ ಇಲ್ಲದ ಸವಲತ್ತು ಬಿಡ್ತೀರಾ? ನೀವು? ಸಂಬಳ ವಿಭಾಗದವರು?" ಆಮೇಲೆ ದನಿ ತಗ್ಗಿಸಿ, "ಕ್ಯಾಬ್ ಬಿಟ್ರೆ ನಿಮಗೆ ಓಡಾಟದ ಭತ್ಯೆ ಸಿಗ್ತದೆ. ಆದ್ರೆ ಅದಕ್ಕೆ ಟ್ಯಾಕ್ಸ್ ಉಂಟು, ಗೊತ್ತುಂಟಲ್ಲ?" ಎಂದರು.

ಗೊತ್ತಿತ್ತು. ಬಾಗಿಲು ಮುಚ್ಚುವ, ತಂಪಾದ ಗಾಡಿಯಲ್ಲಿ ಬಂದರೆ ನನಗೆ ಯಾವ ಲಾಭವೂ ಆಗಿಲ್ಲ ಎಂದು ಸರಕಾರ ಒಪ್ಪುತ್ತದೆ. ಎರಡನೇ ದರ್ಜೆಯ ರೈಲಿನ ಪಾಸಿಗೆಂದು ಕಂಪನಿ ಕೈಗೆ ದುಡ್ಡು ಕೊಟ್ಟರೆ, ಅದು ನನ್ನ ಆದಾಯ. ಜೀವ ಕೈಯಲ್ಲಿ ಹಿಡಿದುಕೊಂಡು ಬರುವುದರಲ್ಲಿ ಅಷ್ಟಾದರೂ ಸುಖ ಇದ್ದೀತು ಎಂದು ಯಾರೋ ಲೆಕ್ಕ ಹಾಕಿದ್ದಾರೆ. ಆ ತಿಂಗಳು ಮೊದಲ ಸಲ ನನ್ನ ಭತ್ಯೆಗೆ ನಾನೇ ತೆರಿಗೆ ಮುರಿದುಕೊಂಡೆ. ಗೊಣಗಿದೆ ಕೂಡ. ಇಷ್ಟು ವರ್ಷ ಜನ ಏಕೆ ಗೊಣಗುತ್ತಿದ್ದರೆಂದು ಗೊತ್ತಾಯಿತು.

ಮೊದಲ ದಿನ ಕಲ್ಯಾಣಕ್ಕೆ ಹೋಗುವಾಗ ಡಬ್ಬಿ ಅರ್ಧ ಖಾಲಿ. ಒಳಗಿನ ಸೀಟಿನಲ್ಲಿ ಕಿಟಕಿಯ ಬಳಿ ಅವಳು, ಪಕ್ಕದಲ್ಲಿ ನಾನು. ಗಾಡಿ ಕಲ್ಯಾಣದಲ್ಲಿ ತಿರುಗಿತು. ಡೊಂಬಿವಲಿಯ ಪ್ಲ್ಯಾಟ್‌ಫಾರ್ಮು ಬಂದಾಗ ನಾವು ದಿನವೂ ನಿಲ್ಲುತ್ತಿದ್ದ ಜಾಗದಿಂದ ಜನ ಒಳಗೆ ನುಗ್ಗಿದರು. ಅದನ್ನು ಕೂತು ನೋಡಿದ್ದು ನಾನು ಅದೇ ಮೊದಲು. ಹೊರಗಿನವರು ನುಗ್ಗುವುದನ್ನು ಒಳಗೆ ಕೂತು ನೋಡಿದರೆ ಎಷ್ಟು ಬೇಗ ಸಿಟ್ಟು ಬರುತ್ತದೆ ಎಂದು ಆಶ್ಚರ್ಯವಾಯಿತು.

ನಮ್ಮ ಹತ್ತಿರ ಬಂದ ಒಬ್ಬಳು ಕೇಳಿದಳು, "ಠಾಣೆ?" ಠಾಣೆಯಲ್ಲಿ ಇಳಿಯುತ್ತೀರಾ, ಸೀಟು ನನಗೆ ಕೊಡುತ್ತೀರಾ ಎಂಬುದಕ್ಕೆಲ್ಲ ಆ ಒಂದು ಪದ ಸಾಕು. ಹೌದು ಎಂದೆ. ಹಾಗೆ ನನ್ನ ಸೀಟು ಬೇರೆಯವರ ಪಾಲಾಯಿತು. ಅವಳು ನನಗೆ ಏನಾಗಬೇಕು ಎಂದು ಯಾರೂ ಕೇಳಲಿಲ್ಲ.

ದಿವಾದಲ್ಲಿ ಇನ್ನಷ್ಟು ಜನ ಹತ್ತಿದರು. ಬಾಗಿಲಿನ ಅಂಚಿನಲ್ಲಿ ಒಬ್ಬಳು, ಕಾಲೇಜಿನವಳೋ ಹೊಸದಾಗಿ ಕೆಲಸಕ್ಕೆ ಸೇರಿದವಳೋ, ಒಂದು ಕೈಯಲ್ಲಿ ಕಂಬ ಹಿಡಿದು ನಿಂತಿದ್ದಳು. ಗಾಡಿ ಹೊರಟಿತು. ನಾನು ಪಕ್ಕದವಳ ತೋಳು ಹಿಡಿದೆ. ನನ್ನ ಗೆಳತಿ ಕೂತಲ್ಲಿಂದಲೇ ಇಡೀ ಡಬ್ಬಿ ತಿರುಗಿ ನೋಡುವಂತೆ ಕೂಗಿದಳು:

"ಏ ಪೋರಿ! ಆತ್ ಯೇ, ಆತ್! ಇಕಡೆ ಜಾಗಾ ಆಹೆ!"

ಒಳಗೆ ಬಾ, ಇಲ್ಲಿ ಜಾಗ ಇದೆ ಎಂದು ಕರೆದದ್ದೇನೋ ಸರಿ, ಜಾಗ ಎಲ್ಲೂ ಇರಲಿಲ್ಲ. ಆದರೂ ಬೈಗುಳ ತಿನ್ನುತ್ತ, ಚೀಲಗಳ ನಡುವೆ ನುಸುಳುತ್ತ ಆ ಹುಡುಗಿ ಒಳಗೆ ಬಂದಳು. ನಮ್ಮ ಮೊಣಕಾಲುಗಳ ನಡುವೆ ತೂರಿಕೊಂಡು ನನ್ನ ಕಾಲಿನ ಮೇಲೆಯೇ ನಿಂತಳು. ಚಪ್ಪಲಿಯ ಹಿಮ್ಮಡಿ ಚೂಪಾಗಿತ್ತು. ನನ್ನ ಗೆಳತಿ ನೋಡಿದಳು, ತುಟಿ ಕಚ್ಚಿ ನಗು ತಡೆದುಕೊಂಡಳು.

ಮುಂಬ್ರಾದ ತಿರುವು ಬಂತು, ಡಬ್ಬಿ ವಾಲಿತು, ಹುಡುಗಿಯ ಪೂರ್ತಿ ಭಾರ ನನ್ನ ಬೆರಳುಗಳ ಮೇಲೆ ಬಿತ್ತು. ನಾನು ಕಾಲು ಎಳೆದುಕೊಳ್ಳಲಿಲ್ಲ. ಅವಳು ಒಳಗಿದ್ದಳು.